ನಿಜಾಮನ ಗಡಿಯೊಳಗಿನ ಟಾಕೀಸು

ಹೈದರಾಬಾದ್ ಸಂಸ್ಥಾನವು 1948ರ ಸೆಪ್ಟೆಂಬರ್ 17ರಂದು ಭಾರತದ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ್ 1ರಂದು ಆ ರಾಜ್ಯವೇ ಭೂಪಟದಿಂದ ಮರೆಯಾಗಿ, ಅದರ ಮೂರು ತುಂಡುಗಳು ಆಂಧ್ರಪ್ರದೇಶ, ಮುಂಬಯಿ ಮತ್ತು ಮೈಸೂರು ರಾಜ್ಯಗಳಿಗೆ ಹಂಚಿಹೋದವು. ಆದರೆ ಒಂದು ವ್ಯಾಪಾರದ ಲೆಕ್ಕಪುಸ್ತಕದಲ್ಲಿ ಮಾತ್ರ ನಿಜಾಮನ ರಾಜ್ಯ ಅಳಿಯಲೇ ಇಲ್ಲ. ಅದು ಸಿನಿಮಾ ಹಂಚಿಕೆಯ ವ್ಯಾಪಾರ. ಹಿಂದಿ ಚಿತ್ರಗಳ ಹಕ್ಕನ್ನು ಮಾರುವವರು ದೇಶವನ್ನು ಹತ್ತಾರು ವಲಯಗಳಾಗಿ ಹೋಳು ಮಾಡಿಕೊಂಡಿದ್ದರು. ಅವುಗಳಲ್ಲಿ ಒಂದರ ಹೆಸರು ‘ನಿಜಾಮ್’. ತೆಲಂಗಾಣ, ಮರಾಠವಾಡಾ ಹಾಗೂ ನಮ್ಮ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಸೇರಿ ಈ ವಲಯ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು ‘ಬಾಂಬೆ’ ವಲಯಕ್ಕೆ. ಉಳಿದ ಕರ್ನಾಟಕ ‘ಮೈಸೂರು’ ವಲಯಕ್ಕೆ. ಏಕೀಕರಣವಾಗಿ ದಶಕಗಳು ಕಳೆದರೂ ಚಿತ್ರೋದ್ಯಮದ ಮಟ್ಟಿಗೆ ಕರ್ನಾಟಕ ಮೂರು ತುಂಡಾಗಿಯೇ ಉಳಿದಿತ್ತು.

ತೆಲುಗು ಚಿತ್ರೋದ್ಯಮದಲ್ಲಿ ಇದಕ್ಕಿಂತಲೂ ಹಳೆಯ ಗಡಿಯೊಂದು ಜೀವಂತವಾಗಿದೆ. ರಾಯಲಸೀಮೆಯನ್ನು ಅಲ್ಲಿನ ವ್ಯಾಪಾರಿಗಳು ಇಂದಿಗೂ ‘ಸೀಡೆಡ್’ ಎನ್ನುತ್ತಾರೆ. 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶ ಎಂಬುದು ಆ ಪದದ ಮೂಲ. ರಾಜರು ಹೋದರು, ಕಂಪನಿ ಹೋಯಿತು, ರಾಜ್ಯಗಳು ಮತ್ತೆ ಮತ್ತೆ ವಿಂಗಡಣೆಯಾದವು. ಸಿನಿಮಾ ವ್ಯಾಪಾರಿಯ ನಕ್ಷೆ ಮಾತ್ರ ಅಲುಗಲಿಲ್ಲ. ವ್ಯಾಪಾರದ ಮಾರ್ಗಗಳು ರಾಜಕೀಯದ ಗಡಿಗಳಿಗಿಂತ ದೀರ್ಘಾಯುಷಿಗಳು ಎಂಬ ಅರ್ಥಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬಸವಕಲ್ಯಾಣ ಮತ್ತು ಹುಮನಾಬಾದ್‌ಗಳ ಚಿತ್ರಮಂದಿರಗಳ ಚರಿತ್ರೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ನಕ್ಷೆಯಿಂದಲೇ ಆರಂಭಿಸಬೇಕು. ಈ ಎರಡು ಊರುಗಳೂ ಪುಣೆ–ಹೈದರಾಬಾದ್ ಹೆದ್ದಾರಿಗೆ ಅಂಟಿಕೊಂಡಿವೆ. ಪಶ್ಚಿಮಕ್ಕೆ ಹೋದರೆ ಮಹಾರಾಷ್ಟ್ರದ ಉಮರ್ಗಾ, ಪೂರ್ವಕ್ಕೆ ಹೋದರೆ ತೆಲಂಗಾಣದ ಜಹೀರಾಬಾದ್. ಹೈದರಾಬಾದಿಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ತಲುಪಬಹುದು. ಬೆಂಗಳೂರಿಗೆ ಇಡೀ ರಾತ್ರಿಯ ಪ್ರಯಾಣ. ಹೀಗಾಗಿ ಹಿಂದಿ ಚಿತ್ರದ ಪೆಟ್ಟಿಗೆಗಳು ಹೈದರಾಬಾದಿನ ಹಂಚಿಕೆದಾರರ ಕಚೇರಿಯಿಂದ ಬರುತ್ತಿದ್ದವೇ ಹೊರತು ಬೆಂಗಳೂರಿನ ಗಾಂಧಿನಗರದಿಂದಲ್ಲ. 1975ರ ‘ಶೋಲೆ’ ಚಿತ್ರೀಕರಣಗೊಂಡದ್ದು ನಮ್ಮದೇ ರಾಮನಗರದ ಬಂಡೆಗಳ ನಡುವೆ. ಆದರೆ ಕಲ್ಯಾಣದ ಪ್ರೇಕ್ಷಕನಿಗೆ ಆ ರಾಮನಗರ ಕಾಣಿಸಿದ್ದು ನಿಜಾಮ್ ವಲಯದ ಮೂಲಕ.

ಭಾಷೆಯ ಪ್ರಶ್ನೆಯೂ ಇದರೊಂದಿಗೇ ಬೆಸೆದುಕೊಂಡಿದೆ. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಸಂಸ್ಥಾನವಿದು. ಕಚೇರಿ, ಕೋರ್ಟು, ಶಾಲೆ ಎಲ್ಲೆಡೆ ಉರ್ದುವಿನ ಆಡಳಿತ. ಮನೆಯಲ್ಲಿ ಕನ್ನಡ ಅಥವಾ ಮರಾಠಿ ಆಡುತ್ತಿದ್ದ ನಮ್ಮ ಹಿರಿಯರು ಸಹಿ ಹಾಕುತ್ತಿದ್ದುದು ಉರ್ದುವಿನಲ್ಲಿ. ಆದ್ದರಿಂದ 1931ರಲ್ಲಿ ‘ಆಲಂ ಆರಾ’ದೊಂದಿಗೆ ಹಿಂದುಸ್ತಾನಿ ಚಿತ್ರಗಳು ಮಾತನಾಡತೊಡಗಿದಾಗ ಅವು ಈ ಭಾಗಕ್ಕೆ ಪರಭಾಷೆಯ ಚಿತ್ರಗಳಾಗಿರಲಿಲ್ಲ. 1934ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಕಲ್ಯಾಣಿಯ ಜಹಗೀರಿನಲ್ಲಿ ಮಾರುಕಟ್ಟೆಯೇ ಇರಲಿಲ್ಲವೆಂದರೆ ಆಶ್ಚರ್ಯಪಡಬೇಕಾದುದಿಲ್ಲ. 1949ರಲ್ಲಿ ಜಹಗೀರುಗಳು ರದ್ದಾದವು, 1956ರ ನಂತರ ಕನ್ನಡ ಶಾಲೆಗಳು ಹೆಚ್ಚಿದವು. ಆ ಶಾಲೆಗಳಲ್ಲಿ ಕಲಿತ ಮೊದಲ ತಲೆಮಾರು ಟಿಕೆಟ್ ಕೊಳ್ಳುವ ವಯಸ್ಸಿಗೆ ಬಂದಾಗಲಷ್ಟೇ ರಾಜಕುಮಾರ್ ಚಿತ್ರಗಳಿಗೆ ಇಲ್ಲಿ ಸಾಲು ಬೆಳೆಯಿತು. ಈ ಭಾಗದಲ್ಲಿ ಕನ್ನಡ ಚಿತ್ರದ ಪ್ರೇಕ್ಷಕನನ್ನು ಸೃಷ್ಟಿಸಿದವನು ನಿರ್ಮಾಪಕನಲ್ಲ, ಪ್ರಾಥಮಿಕ ಶಾಲೆಯ ಮೇಷ್ಟ್ರು.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. 1959ರಲ್ಲಿ ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನದ ‘ಜಗಜ್ಯೋತಿ ಬಸವೇಶ್ವರ’ ತೆರೆಗೆ ಬಂತು. ಅದರ ಕಥೆ ನಡೆಯುವುದು ಬಿಜ್ಜಳನ ಕಲ್ಯಾಣದಲ್ಲಿ. ಕಲ್ಯಾಣಕ್ಕೆ ಬಸವಣ್ಣನವರ ಹೆಸರು ಸೇರಿ ‘ಬಸವಕಲ್ಯಾಣ’ವಾಗಿ ಆಗ ಕೆಲವೇ ವರ್ಷಗಳಾಗಿದ್ದವು. ಆದರೆ ಕನ್ನಡ ಚಿತ್ರದ ಲೆಕ್ಕಾಚಾರದಲ್ಲಿ ಬೆಂಗಳೂರು, ಕೋಲಾರ, ತುಮಕೂರು ಸೇರಿದ ‘ಬಿಕೆಟಿ’ ಮೊದಲ ಪಂಕ್ತಿಯಲ್ಲಿತ್ತು; ನಮ್ಮ ಭಾಗ ಕೊನೆಯ ಪಂಕ್ತಿಯಲ್ಲಿ. ಒಂದೊಂದು ಪ್ರಿಂಟ್ ಹಾಕಿಸುವುದಕ್ಕೂ ದೊಡ್ಡ ಮೊತ್ತ ತಗಲುತ್ತಿದ್ದ ಕಾಲವದು. ನಿರ್ಮಾಪಕ ಕೆಲವೇ ಪ್ರಿಂಟ್ ಹಾಕಿಸುತ್ತಿದ್ದ. ಅವು ದೊಡ್ಡ ನಗರಗಳಲ್ಲಿ ಓಡಿ, ಜಿಲ್ಲಾ ಕೇಂದ್ರಗಳಲ್ಲಿ ಓಡಿ, ಗೆರೆಬಿದ್ದು, ಅಲ್ಲಲ್ಲಿ ಕತ್ತರಿಸಿ ಅಂಟಿಸಿಕೊಂಡು ತಾಲ್ಲೂಕು ಕೇಂದ್ರಗಳಿಗೆ ಬರುತ್ತಿದ್ದವು. ನಮ್ಮ ಊರುಗಳಲ್ಲಿ ತೆರೆಯ ಮೇಲೆ ಯಾವಾಗಲೂ ಮಳೆ ಸುರಿಯುತ್ತಿತ್ತು ಎಂಬುದು ಆಗಿನ ಹಾಸ್ಯ. ಆ ಮಳೆ ಪ್ರಿಂಟಿನ ಗೆರೆಗಳದು.

ಕಾಯಂ ಕಟ್ಟಡಗಳಿಗೆ ಮುನ್ನ ಟೆಂಟುಗಳಿದ್ದವು. ದಕ್ಷಿಣ ಭಾರತದಲ್ಲಿ ಸ್ವಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಪ್ರೊಜೆಕ್ಟರ್ ಹೊತ್ತು ಊರೂರು ತಿರುಗಲು ಆರಂಭಿಸಿದ ಪದ್ಧತಿ ಅದು. ಹೈದರಾಬಾದ್ ನಗರಕ್ಕೂ ಚಿತ್ರೋದ್ಯಮದ ಪುಟ್ಟ ಆರಂಭವೊಂದಿತ್ತು. ಧೀರೇಂದ್ರನಾಥ ಗಂಗೂಲಿಯವರು 1922ರಲ್ಲಿ ಅಲ್ಲಿ ಲೋಟಸ್ ಫಿಲ್ಮ್ ಕಂಪನಿ ಕಟ್ಟಿದರು. ‘ರಜಿಯಾ ಬೇಗಂ’ ಚಿತ್ರದ ಪ್ರದರ್ಶನದಿಂದ ನಿಜಾಮನ ಅವಕೃಪೆಗೆ ಗುರಿಯಾಗಿ 1924ರಲ್ಲಿ ಸಂಸ್ಥಾನ ತೊರೆಯಬೇಕಾಯಿತು. ನಮ್ಮ ಕಡೆಯ ಊರುಗಳಿಗೆ ಸಿನಿಮಾ ಬಂದದ್ದು ಇಂಥ ಕಂಪನಿಗಳಿಂದಲ್ಲ, ಜಾತ್ರೆಗಳ ಮೂಲಕ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ; ಪಕ್ಕದ ಮಾಣಿಕನಗರದಲ್ಲಿ ದತ್ತ ಜಯಂತಿಯ ಉತ್ಸವ ಅದಕ್ಕೂ ಕೆಲವು ವಾರ ಮುಂಚೆ. ಮುಂಗಾರಿನ ಹೆಸರು, ಉದ್ದು ಮಾರಿ, ತೊಗರಿ ಕೊಯ್ಲಿಗೆ ಬರುವ ಹೊತ್ತು. ರೈತನ ಕೈಯಲ್ಲಿ ನಾಲ್ಕು ಕಾಸು ಆಡುವ ತಿಂಗಳುಗಳಿವು. ಟೆಂಟಿನವನಿಗೆ ಪಂಚಾಂಗದಷ್ಟೇ ಫಸಲಿನ ಲೆಕ್ಕವೂ ಗೊತ್ತಿರಬೇಕಾಗಿತ್ತು.

ಚಿತ್ರಮಂದಿರದೊಳಗಿನ ವ್ಯವಸ್ಥೆಯೂ ಒಂದು ಸಾಮಾಜಿಕ ದಾಖಲೆ. ನೆಲ, ಬೆಂಚು, ಕುರ್ಚಿ, ಬಾಲ್ಕನಿ ಎಂಬ ದರ್ಜೆಗಳು ಎಲ್ಲೆಡೆ ಇದ್ದಂತೆ ಇಲ್ಲಿಯೂ ಇದ್ದವು. ಹೈದರಾಬಾದ್ ಸೀಮೆಯ ಹಳೆಯ ಚಿತ್ರಮಂದಿರಗಳಲ್ಲಿ ಹೆಚ್ಚುವರಿಯಾಗಿ ‘ಜನಾನಾ’ ಎಂಬ ಹೆಂಗಸರ ವಿಭಾಗವಿರುತ್ತಿತ್ತು. ಅದಕ್ಕೆ ಬೇರೆ ಬಾಗಿಲು, ಬೇರೆ ಟಿಕೆಟ್ ಕಿಂಡಿ. ಇಂದು ಅದು ಹಿಂದುಳಿದ ಪದ್ಧತಿಯಂತೆ ಕಾಣಬಹುದು. ಆದರೆ ಮನೆಯಿಂದ ಹೊರಗೆ ಕಾಲಿಡಲು ದೇವಸ್ಥಾನ, ದರ್ಗಾ, ತವರುಮನೆ ಬಿಟ್ಟರೆ ಬೇರೆ ಕಾರಣವೇ ಇರದಿದ್ದ ಹೆಂಗಸರಿಗೆ ಮಧ್ಯಾಹ್ನದ ಮ್ಯಾಟ್ನಿ ಆಟ ನಾಲ್ಕನೆಯ ಕಾರಣವಾಯಿತು. 1975ರ ‘ಜೈ ಸಂತೋಷಿ ಮಾ’ ಬಂದಾಗ ದೇಶದಾದ್ಯಂತ ಹೆಂಗಸರು ಚಪ್ಪಲಿ ಕಳಚಿಟ್ಟು ಚಿತ್ರಮಂದಿರ ಪ್ರವೇಶಿಸಿದ್ದನ್ನು ಬಲ್ಲವರು ಈ ಮಾತನ್ನು ಒಪ್ಪುತ್ತಾರೆ. ಇನ್ನು ನೆಲದ ಟಿಕೆಟ್ಟಿನ ವಿಷಯ. ಬಾವಿಕಟ್ಟೆಯಲ್ಲಿ, ಹೋಟೆಲಿನಲ್ಲಿ ಜಾತಿ ಕೇಳುತ್ತಿದ್ದ ಕಾಲದಲ್ಲಿ ಟಿಕೆಟ್ ಕಿಂಡಿಯವನು ಕೇಳುತ್ತಿದ್ದುದು ಹಣವನ್ನು ಮಾತ್ರ. ಜಾತಿಯ ಶ್ರೇಣಿಯ ಜಾಗದಲ್ಲಿ ದರದ ಶ್ರೇಣಿ ಬಂತು. ಅದು ಪೂರ್ಣ ಸಮಾನತೆಯಲ್ಲ. ಆದರೆ ದರದ ಶ್ರೇಣಿಯನ್ನು ಒಂದು ದಿನದ ಕೂಲಿ ಉಳಿಸಿ ದಾಟಬಹುದಿತ್ತು, ಜಾತಿಯದನ್ನು ದಾಟುವಂತಿರಲಿಲ್ಲ.

ಸೇವೆಯಲ್ಲಿದ್ದಾಗ ಚಿತ್ರಮಂದಿರಗಳ ಪರವಾನಗಿ ಕಡತಗಳನ್ನು ನೋಡುವ ಅವಕಾಶ ನನಗಿತ್ತು. ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ 1964ರದು, ಅದರ ನಿಯಮಗಳು 1971ರವು. ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿಗಳು. ಲೋಕೋಪಯೋಗಿ ಇಲಾಖೆಯಿಂದ ಕಟ್ಟಡದ ಪ್ರಮಾಣಪತ್ರ, ವಿದ್ಯುತ್ ಪರಿವೀಕ್ಷಕರಿಂದ ಮತ್ತೊಂದು, ಅಗ್ನಿಶಾಮಕರಿಂದ ಇನ್ನೊಂದು. ಇವು ಕೇವಲ ಕಾಗದದ ಕಾಟವಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಉಸಿರುಗಟ್ಟಿ ಸತ್ತರು. ನಿಯಮ ಪಾಲಿಸದಿದ್ದರೆ ಏನಾಗುತ್ತದೆಂಬುದಕ್ಕೆ ಅದೇ ಸಾಕ್ಷಿ. ಪರವಾನಗಿಯ ಷರತ್ತುಗಳಲ್ಲಿ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ ತೋರಿಸಬೇಕೆಂಬುದೂ ಒಂದು. 1948ರಲ್ಲಿ ಆರಂಭವಾದ ಆ ಸಂಸ್ಥೆ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಭಾಕ್ರಾ ಅಣೆಕಟ್ಟೆಯನ್ನು ಬೀದರ್ ಜಿಲ್ಲೆಯ ಬಹುಪಾಲು ಜನ ಕಂಡದ್ದು ಈ ವಾರ್ತಾಚಿತ್ರಗಳಲ್ಲೇ.

ಚಿತ್ರಮಂದಿರಗಳನ್ನು ಸೊರಗಿಸಿದ ಕಾರಣಗಳಲ್ಲಿ ತೆರಿಗೆಯ ಸ್ವರೂಪವೂ ಒಂದು. 1958ರ ಕರ್ನಾಟಕ ಮನರಂಜನಾ ತೆರಿಗೆ ಕಾಯ್ದೆಯಡಿ ಸಣ್ಣ ಊರುಗಳಲ್ಲಿ ಮಾರಾಟವಾದ ಟಿಕೆಟ್ಟಿನ ಮೇಲಲ್ಲದೆ, ಒಂದು ಆಟಕ್ಕೆ ಚಿತ್ರಮಂದಿರ ಪೂರ್ತಿ ತುಂಬಿದರೆ ಎಷ್ಟು ಹಣ ಬರಬಹುದೋ ಆ ಮೊತ್ತದ ಮೇಲೆ ಶೇಕಡಾವಾರು ತೆರಿಗೆ ಕಟ್ಟುವ ಪದ್ಧತಿ ಬಂತು. ಇಲಾಖೆಗೆ ಇದು ಅನುಕೂಲ: ಟಿಕೆಟ್ ಎಣಿಸುವ ತಾಪತ್ರಯವಿಲ್ಲ, ಸೋರಿಕೆಯಿಲ್ಲ. ಆದರೆ ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಬದಲಾಗುವ ವೆಚ್ಚವೊಂದು ಸ್ಥಿರ ವೆಚ್ಚವಾಗಿ ಮಾರ್ಪಟ್ಟಿತು. ಸೀಟು ತುಂಬಿರುವವರೆಗೆ ಈ ಪದ್ಧತಿ ಮಾಲೀಕನಿಗೆ ಲಾಭದಾಯಕ. ಸೀಟು ಖಾಲಿಯಾಗತೊಡಗಿದೊಡನೆ ಅದೇ ಉರುಳು. ಹುಮನಾಬಾದ್ ಕಡೆಯ ವೃದ್ಧ ಪ್ರದರ್ಶಕರೊಬ್ಬರು ನನ್ನೆದುರು ಹೇಳಿದ್ದು ನೆನಪಿದೆ: “ಸಾಹೇಬ್ರೆ, ಮಂದಿ ಬಂದ್ರೂ ತೆರಿಗಿ ಕಟ್ಟಬೇಕು, ಬರ್ಲಿಲ್ಲಂದ್ರೂ ಕಟ್ಟಬೇಕು. ಮಳಿ ನಂಬಿ ಬಿತ್ತಿದಂಗ ಆಗ್ಯದ ನಮ್ಮ ಧಂದಾ.”

ಮಳೆ ಕೈಕೊಟ್ಟದ್ದು ಹಂತ ಹಂತವಾಗಿ. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಷನ್ ತೋರಿಸುವ ‘ಸೈಟ್’ ಪ್ರಯೋಗ ನಡೆದಾಗ ಕರ್ನಾಟಕದಲ್ಲಿ ಆಯ್ಕೆಯಾದವು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರವೂ ಬಂತು. ಬೆಂಗಳೂರಿಗಿಂತ ಮೊದಲೇ ಟಿ.ವಿ. ಕಂಡ ಸೀಮೆ ನಮ್ಮ ನೆರೆಯದು! 1982ರಲ್ಲಿ ಬಣ್ಣದ ಪ್ರಸಾರ, 1987ರಿಂದ ಭಾನುವಾರ ಬೆಳಗಿನ ‘ರಾಮಾಯಣ’, ನಡುವೆ ವಿಡಿಯೊ ಪಾರ್ಲರುಗಳು, ಆಮೇಲೆ ಕೇಬಲ್. ಪ್ರತಿಯೊಂದು ಅಲೆಯೂ ಮೊದಲು ಕಸಿದದ್ದು ಹೆಂಗಸರನ್ನು ಮತ್ತು ಕುಟುಂಬಗಳನ್ನು. ಕುಟುಂಬಗಳು ಹೋದ ಮೇಲೆ ಹುಡುಗರಿಗೆಂದೇ ಚಿತ್ರ ತರಿಸಲಾಯಿತು. ಅಂಥ ಚಿತ್ರ ಬಂದ ಮೇಲೆ ಉಳಿದ ಕುಟುಂಬಗಳೂ ದೂರವಾದವು. ಬರುವ ಹಣ ಕಡಿಮೆಯಾದಂತೆ ಶೌಚಾಲಯ ಕೆಟ್ಟಿತು, ಕುರ್ಚಿ ಹರಿಯಿತು, ಫ್ಯಾನು ನಿಂತಿತು. ಇದೊಂದು ವಿಷವರ್ತುಲ.

2005ರ ನಂತರ ಉಪಗ್ರಹದ ಮೂಲಕ ಡಿಜಿಟಲ್ ಪ್ರದರ್ಶನ ಬಂದಾಗ ಪರಿಹಾರ ಸಿಕ್ಕಿತೆಂದೇ ಅನೇಕರು ಭಾವಿಸಿದರು. ಅದರಲ್ಲಿ ಅರ್ಥವಿತ್ತು. ಪೆಟ್ಟಿಗೆಗಾಗಿ ಕಾಯಬೇಕಾಗಿಲ್ಲ, ಗೆರೆಬಿದ್ದ ಪ್ರಿಂಟ್ ಇಲ್ಲ; ಬೆಂಗಳೂರಿನಲ್ಲಿ ಶುಕ್ರವಾರ ತೆರೆಕಂಡ ಚಿತ್ರ ಅದೇ ಶುಕ್ರವಾರ ತಾಲ್ಲೂಕು ಕೇಂದ್ರದಲ್ಲಿಯೂ ಕಾಣಬಹುದು. ನಿಜಾಮನ ಗಡಿಯನ್ನು ತಾಂತ್ರಿಕವಾಗಿ ಅಳಿಸಿದ್ದು ಏಕೀಕರಣವಲ್ಲ, ಉಪಗ್ರಹ. ಆದರೆ ದೂರ ಅಳಿದ ಹೊತ್ತಿಗೆ ಪ್ರೇಕ್ಷಕನ ಜೇಬಿನಲ್ಲಿ ಮತ್ತೊಂದು ತೆರೆ ಬಂದು ಕುಳಿತಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಮುಚ್ಚಿದ ಬಾಗಿಲುಗಳನ್ನು ಅದೇ ಅಕ್ಟೋಬರ್ 15ರಿಂದ ಅರ್ಧ ಸೀಟುಗಳೊಂದಿಗೆ ತೆರೆಯಲು ಅನುಮತಿ ದೊರೆಯಿತು. ಸಣ್ಣ ಊರುಗಳ ಎಷ್ಟೋ ಬಾಗಿಲುಗಳು ಮತ್ತೆ ತೆರೆಯಲೇ ಇಲ್ಲ. 2022ರಲ್ಲಿ ‘ಕೆಜಿಎಫ್’ ಎರಡನೆಯ ಭಾಗ ಮತ್ತು ‘ಕಾಂತಾರ’ ಬಂದಾಗ ಜನ ಹಿಂಡುಹಿಂಡಾಗಿ ಬಂದರು. ಆದರೆ ವರ್ಷಕ್ಕೆರಡು ಹಬ್ಬಗಳಿಂದ ಮನೆ ನಡೆಯುವುದಿಲ್ಲ.

ಸರಳ ಲೆಕ್ಕವೊಂದನ್ನು ಹಾಕೋಣ. 600 ಆಸನಗಳ ಹಳೆಯ ಚಿತ್ರಮಂದಿರವೆಂದು ಇಟ್ಟುಕೊಳ್ಳಿ. ದಿನಕ್ಕೆ 4 ಆಟ, ವಾರಕ್ಕೆ 7 ದಿನ. ಒಟ್ಟು 16,800 ಆಸನ. 2011ರ ಜನಗಣತಿಯಂತೆ ಬಸವಕಲ್ಯಾಣ ಪಟ್ಟಣದ ಜನಸಂಖ್ಯೆ ಸುಮಾರು 70 ಸಾವಿರ. ಅಂದರೆ ಒಂದೇ ಚಿತ್ರಮಂದಿರ ತುಂಬಬೇಕಾದರೆ ಪಟ್ಟಣದ ಪ್ರತಿ ನಾಲ್ವರಲ್ಲಿ ಒಬ್ಬರು ಪ್ರತಿ ವಾರ ಸಿನಿಮಾ ನೋಡಬೇಕು. ಹುಮನಾಬಾದಿನಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಬೇರೆ ಮನರಂಜನೆಯಿಲ್ಲದ ಕಾಲದಲ್ಲಿ, ಸುತ್ತಲಿನ ಹಳ್ಳಿಗಳವರೂ ಹೆದ್ದಾರಿಯ ಲಾರಿ ಚಾಲಕರೂ ಸೇರಿ ಇದು ಸಾಧ್ಯವಿತ್ತು. ಈಗ ಸಾಧ್ಯವಿಲ್ಲ. ಅದೇ 150 ಆಸನಗಳ ಮಂದಿರವಾದರೆ ವಾರಕ್ಕೆ 4,200 ಆಸನ. ಪಟ್ಟಣದ ನೂರಕ್ಕೆ ಆರು ಜನ ಸಾಕು. ಅರ್ಧ ತುಂಬಿದರೂ ವಿದ್ಯುತ್ ಬಿಲ್ ಮತ್ತು ಸಂಬಳ ಹೊರಡಬಹುದು. ಸತ್ತಿರುವುದು ಸಿನಿಮಾ ನೋಡುವ ಬಯಕೆಯಲ್ಲ, 600 ಆಸನಗಳ ಕಟ್ಟಡ.

ಸರ್ಕಾರದ ಕ್ರಮಗಳು ಈ ಲೆಕ್ಕವನ್ನು ಮುಟ್ಟುತ್ತಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ 100 ರೂಪಾಯಿವರೆಗಿನ ಟಿಕೆಟ್ಟಿಗೆ ಶೇ 18, ಮೇಲ್ಪಟ್ಟದ್ದಕ್ಕೆ ಶೇ 28ರಷ್ಟು ತೆರಿಗೆ ಬಿತ್ತು. 2019ರ ಜನವರಿಯಿಂದ ಅದು ಶೇ 12 ಮತ್ತು ಶೇ 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿನ ತೆರಿಗೆ ಶೇ 5. ಇದು ಸಣ್ಣ ಊರುಗಳಿಗೆ ನಿಜಕ್ಕೂ ಉಪಕಾರ. ಅದೇ ತಿಂಗಳು ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ವಿಧಿಸಿ ಅಧಿಸೂಚನೆ ಹೊರಡಿಸಿತು, ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ಬೆಂಗಳೂರಿನ ಮಲ್ಟಿಪ್ಲೆಕ್ಸುಗಳ ಮಟ್ಟಿಗೆ ಅದು ದೊಡ್ಡ ಚರ್ಚೆ. ಆದರೆ 100 ರೂಪಾಯಿಗೂ ಟಿಕೆಟ್ ಮಾರಲು ಜಾಗವೇ ಉಳಿಯದ ಊರಿಗೆ 200ರ ಮಿತಿಯಿಂದ ಆಗಬೇಕಾದುದೇನು?

ಮಾಲೀಕರನ್ನು ದೂಷಿಸುವುದರಲ್ಲಿಯೂ ಅರ್ಥವಿಲ್ಲ. ಬಸ್ ನಿಲ್ದಾಣದ ಬಳಿಯ ಅರ್ಧ ಎಕರೆ ಜಾಗ ಇಂದು ಕಲ್ಯಾಣ ಮಂಟಪ ಅಥವಾ ಅಂಗಡಿ ಮಳಿಗೆಯಾಗಿ ಗಳಿಸುವುದನ್ನು ಸಿನಿಮಾ ಗಳಿಸಲಾರದು. ಹಳೆಯ ಚಿತ್ರಮಂದಿರ ಕೆಡವಿ ಕಟ್ಟುವವರು ಆಸನಗಳ ಒಂದು ಭಾಗವನ್ನಾದರೂ ಚಿತ್ರಮಂದಿರಕ್ಕೇ ಉಳಿಸಬೇಕೆಂಬ ಷರತ್ತು ಮಹಾರಾಷ್ಟ್ರದಲ್ಲಿದೆ. ಒತ್ತಾಯದ ಇಂಥ ಷರತ್ತಿನಿಂದ ಮಾಲೀಕರು ಕಟ್ಟಡವನ್ನು ಕೆಡವದೆ, ನಡೆಸದೆ ಬೀಗ ಹಾಕಿ ಬಿಡುವ ಅಪಾಯವೇ ಹೆಚ್ಚು. ನಷ್ಟದ ವ್ಯಾಪಾರವನ್ನು ಕಾನೂನಿನಿಂದ ಜೀವಂತವಾಗಿಡಲು ಸಾಧ್ಯವಿಲ್ಲ.

ಕೇರಳದ ಮಾರ್ಗ ಬೇರೆ. 1975ರಲ್ಲಿ ಸ್ಥಾಪನೆಯಾದ ಅಲ್ಲಿನ ರಾಜ್ಯ ಚಲನಚಿತ್ರ ಅಭಿವೃದ್ಧಿ ನಿಗಮ ತಿರುವನಂತಪುರದಲ್ಲಷ್ಟೇ ಅಲ್ಲದೆ ಚೇರ್ತಲ, ಚಿತ್ತೂರಿನಂಥ ಸಣ್ಣ ಊರುಗಳಲ್ಲಿಯೂ ಚಿತ್ರಮಂದಿರಗಳನ್ನು ಹೊಂದಿದೆ. ನಮ್ಮಲ್ಲಿ ಜನತಾ ಚಿತ್ರಮಂದಿರಗಳ ಮಾತು ಹಲವು ಬಾರಿ ಕೇಳಿಬಂದಿದ್ದರೂ ಕಲ್ಯಾಣ ಕರ್ನಾಟಕದ ತಾಲ್ಲೂಕುಗಳಲ್ಲಿ ಅದರ ಫಲ ಕಾಣುವುದಿಲ್ಲ. ಹಣವಿಲ್ಲವೆಂದು ಹೇಳುವಂತಿಲ್ಲ. ಸಂವಿಧಾನದ 371 ಜೆ ವಿಧಿ ಬಂದ ನಂತರ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯಿದೆ. ಇತ್ತೀಚಿನ ಬಜೆಟ್‌ಗಳಲ್ಲಿ ಅದಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಅದರ ಅಲ್ಪ ಅಂಶದಲ್ಲಿ ಪ್ರತಿ ತಾಲ್ಲೂಕು ಕೇಂದ್ರದಲ್ಲಿ 150 ಆಸನಗಳ ಒಂದು ಮಂದಿರ ಕಟ್ಟಬಹುದು. ಕಟ್ಟಡ ಪುರಸಭೆಯದು, ನಡೆಸುವ ಗುತ್ತಿಗೆ ಖಾಸಗಿಯವರದು. ಹಳೆಯ ಪ್ರದರ್ಶಕರಿಗೆ ಆದ್ಯತೆ ಇರಲಿ. ಹಗಲಿನಲ್ಲಿ ಶಾಲೆಯ ಕಾರ್ಯಕ್ರಮ, ನಾಟಕ, ಉಪನ್ಯಾಸ, ಸಂಜೆ ಸಿನಿಮಾ. ಕೊನೆಯ ಬಸ್ಸಿನ ವೇಳೆಗೆ ಹೊಂದುವಂತೆ ಆಟದ ಸಮಯ. ಹೆಂಗಸರಿಗೆ ಸ್ವಚ್ಛ ಶೌಚಾಲಯ ಮತ್ತು ಹೊರಗೆ ಬೆಳಕು. ಈ ಕೊನೆಯ ಎರಡನ್ನು ಒದಗಿಸದಿದ್ದರೆ ಮಿಕ್ಕಿದ್ದೆಲ್ಲ ವ್ಯರ್ಥ.

ಕುಡಿಯುವ ನೀರು, ಆಸ್ಪತ್ರೆ, ಶಾಲೆಗಳಿಗೇ ಕೊರತೆಯಿರುವ ಜಿಲ್ಲೆಯಲ್ಲಿ ಸಿನಿಮಾಕ್ಕೆ ಸರ್ಕಾರಿ ಹಣವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅಭಿವೃದ್ಧಿಯೆಂದರೆ ಜನ ಊರಿನಲ್ಲಿ ಉಳಿಯುವಂತೆ ಮಾಡುವುದೂ ಹೌದು. ಬೀದರ್–ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿ ಹುಮನಾಬಾದಿಗೆ ರೈಲು ಬಂತು. ಆ ರೈಲು ಹತ್ತಿ ಹೊರಡುವ ಯುವಕರಲ್ಲಿ ಎಲ್ಲರೂ ಹೊಟ್ಟೆಪಾಡಿಗಾಗಿಯೇ ಹೋಗುವುದಿಲ್ಲ. ಸಂಜೆ ಕತ್ತಲಾದ ಮೇಲೆ ಏನೂ ಇಲ್ಲದ ಊರಿನಿಂದ ತಪ್ಪಿಸಿಕೊಳ್ಳಲೂ ಹೋಗುತ್ತಾರೆ.

ಬೆಂಗಳೂರಿನ ಸಾಗರ್, ಕಪಾಲಿಯಂಥ ಚಿತ್ರಮಂದಿರಗಳು ಮುಚ್ಚಿದಾಗ ಪತ್ರಿಕೆಗಳು ಪುಟಗಟ್ಟಲೆ ಬರೆದವು. ತಾಲ್ಲೂಕು ಕೇಂದ್ರದ ಟಾಕೀಸಿಗೆ ಆ ಭಾಗ್ಯವಿಲ್ಲ. ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಂಕುಸ್ಥಾಪನೆಯಾಯಿತು. ಆಗ ಯೋಜನೆಯ ಅಂದಾಜು 500 ಕೋಟಿ ರೂಪಾಯಿ ಇತ್ತು. ಎಲ್ಲ ಜಾತಿಯ, ಎಲ್ಲ ಕಸುಬಿನ ಹೆಣ್ಣು–ಗಂಡುಗಳು ಒಂದೇ ಸೂರಿನಡಿ ಕೂಡುವುದು ಹನ್ನೆರಡನೆಯ ಶತಮಾನದ ಆ ಮಂಟಪದ ಹಿರಿಮೆ. ಟಾಕೀಸನ್ನು ಅದಕ್ಕೆ ಹೋಲಿಸುವ ಧಾರ್ಷ್ಟ್ಯ ನನಗಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಈ ಊರುಗಳಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಮಾತನಾಡುವವರು ಕರೆಯಿಲ್ಲದೆ, ಭಾಷಣವಿಲ್ಲದೆ ಮೂರು ಗಂಟೆ ಜೊತೆಯಾಗಿ ಕುಳಿತು ಒಂದೇ ಕಡೆ ನಕ್ಕು ಒಂದೇ ಕಡೆ ಅತ್ತ ಜಾಗ ಅದೊಂದೇ ಆಗಿತ್ತು. ಗಡಿನಾಡಿನಲ್ಲಿ ಅಂಥ ಜಾಗದ ಬೆಲೆಯನ್ನು ಟಿಕೆಟ್ ದರದಿಂದ ಅಳೆಯಲಾಗದು. ಮುಂದಿನ ಬಜೆಟ್ ಸಿದ್ಧಪಡಿಸುವವರು ಇಷ್ಟನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು.